ಖಗೋಳವೂ ಕಣಶಾಸ್ತ್ರವೂ ನಮ್ಮ ಬಾಲಿಕೆಯರೂ

ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಅಂತರ್ಜಾಲದಿಂದ ಅಚ್ಚುಮಾಡಿಸಿದ ಕಾಗದವೊಂದನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದಳು. ನ್ಯೂಟ್ರಿನೋ ಎಂಬ ಕಣವು ಬೆಳಕಿಗಿಂತಲೂ ವೇಗವಾಗಿ ಓಡಿತೆಂದು ಅದರಲ್ಲಿ ಬರೆದಿತ್ತು. "ಹಾಗಾದರೆ ನಮ್ಮ ಪಾಠಪುಸ್ತಕವು ಸುಳ್ಳೇ, ಟೀಚರ್?" ಎಂದು ಕೇಳಿದಳು.

ಆ ವರ್ತಮಾನವು ಪೂರ್ತಿ ಕಟ್ಟುಕಥೆಯಲ್ಲ, ಅರ್ಧ ಮಾತ್ರವಾಗಿತ್ತು. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಶಾಲೆಗೆ, ಸುಮಾರು 730 ಕಿಲೋಮೀಟರು ದೂರ, ಭೂಮಿಯೊಳಗಿಂದಲೇ ಸಾಗಿದ ಕಣಗಳ ವಿಷಯವಾಗಿ 2011ರಲ್ಲಿ ಹಾಗೆ ಪ್ರಕಟವಾದದ್ದುಂಟು. ಆದರೆ ಕಾಲವನ್ನಳೆಯುವ ಸಲಕರಣೆಯ ತಂತಿಯೊಂದು ಸರಿಯಾಗಿ ಕೂಡಿಕೊಂಡಿರಲಿಲ್ಲವೆಂದು 2012ರಲ್ಲಿ ಆ ಪಂಡಿತರೇ ತಿಳಿಸಿದರು. ಹುಡುಗಿಯ ಕಾಗದದಲ್ಲಿ ಈ ಎರಡನೆಯ ಮಾತು ಇರಲಿಲ್ಲ; ಬರೆದವರ ಹೆಸರೂ ಇಲ್ಲ, ತಾರೀಖೂ ಇಲ್ಲ.

ಇದನ್ನು ಕೇಳಿದ ಕೆಲವು ಪೋಷಕರು, ಅಂತರ್ಜಾಲವನ್ನು ಹೆಣ್ಣುಮಕ್ಕಳ ಕೈಗೆ ಕೊಡಲೇಬಾರದೆಂದರು. ನಾನು ಒಪ್ಪಲಾರೆನು. ಕೊಡಬೇಕು, ಆದರೆ "ಇದನ್ನು ಹೇಗೆ ಕಂಡುಹಿಡಿದರು?" ಎಂದು ಪ್ರತಿಯೊಂದು ತಾಣವನ್ನೂ ಪ್ರಶ್ನಿಸುವುದಕ್ಕೆ ಮೊದಲು ಕಲಿಸಬೇಕು. ಅಮೆರಿಕದ ನಾಸಾ ಸಂಸ್ಥೆಯು 1995ರಿಂದ ದಿನಕ್ಕೊಂದು ಆಕಾಶಚಿತ್ರವನ್ನು ಖಗೋಳಜ್ಞರ ವಿವರಣೆಯೊಡನೆ ಪ್ರಕಟಿಸುತ್ತಿದೆ. ಚಿಕ್ಕ ತರಗತಿಯವರಿಗೆ ಅದೇ ಸಾಕು. ಕಣಗಳ ವಿಷಯಕ್ಕೆ ಪಾರ್ಟಿಕಲ್ ಡೇಟಾ ಗ್ರೂಪ್ ಎಂಬ ಪಂಡಿತಮಂಡಲಿಯ ಪಟ್ಟಿಯುಂಟು. 2012ರಲ್ಲಿ ಕಂಡುಬಂದ ಹಿಗ್ಸ್ ಕಣವು ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರವೆಂದು ಅದರಿಂದ ಲೆಕ್ಕ ಹಾಕಬಹುದು. ಅಳತೆಯಲ್ಲಿ ಎಷ್ಟು ತಪ್ಪಿರಬಹುದೆಂಬುದನ್ನೂ ಅಲ್ಲಿ ಪಕ್ಕದಲ್ಲಿಯೇ ಬರೆದಿರುತ್ತಾರೆ. ತನ್ನ ಸಂಶಯವನ್ನು ತಾನೇ ಅಚ್ಚುಹಾಕಿಸುವ ಈ ಪದ್ಧತಿಯು ನನಗೆ ಬಹಳ ಮೆಚ್ಚಿಗೆಯಾದದ್ದು. ಸರ್ನಿನವರು ತಮ್ಮ ಪ್ರಯೋಗಗಳ ಅಂಕಿಗಳನ್ನೇ 2014ರಿಂದ ಸರ್ವರಿಗೂ ತೆರೆದಿಟ್ಟಿದ್ದಾರೆ. ಅದು ಕಾಲೇಜಿನವರ ಕೆಲಸ.

ಹೆಣ್ಣುಮಕ್ಕಳಿಗೆ ಇದೆಲ್ಲ ಏತಕ್ಕೆ ಎನ್ನುವವರು ಹ್ಯಾನಿ ವಾನ್ ಆರ್ಕೆಲ್ ಎಂಬಾಕೆಯ ಸಂಗತಿಯನ್ನು ಕೇಳಬೇಕು. ಆಕೆಯು ಹಾಲೆಂಡಿನ ಶಾಲಾ ಉಪಾಧ್ಯಾಯಿನಿ, ಖಗೋಳಜ್ಞೆಯಲ್ಲ. ನಕ್ಷತ್ರಮಂಡಲಗಳ ಚಿತ್ರಗಳನ್ನು ಸಾಮಾನ್ಯ ಜನರಿಂದ ವಿಂಗಡಿಸುವ ಗ್ಯಾಲಕ್ಸಿ ಜೂ ಎಂಬ ತಾಣದಲ್ಲಿ 2007ರಲ್ಲಿ ವಿಚಿತ್ರವಾದ ಮಸುಕೊಂದನ್ನು ಕಂಡು, ಇದೇನೆಂದು ವಿಚಾರಿಸಿದಳು. ಪಂಡಿತರಿಗೂ ತಿಳಿಯಲಿಲ್ಲ. ಅದು ಒಂದು ನಕ್ಷತ್ರಮಂಡಲದ ಗರ್ಭದಿಂದ ಹಿಂದೆ ಹೊರಟ ಪ್ರಖರ ಕಿರಣಗಳಿಂದ ಹೊಳೆಯುವ ಮಹಾ ಅನಿಲರಾಶಿಯೆಂದು ಆಮೇಲೆ ಗೊತ್ತಾಯಿತು. ಆಕೆಯ ಹೆಸರೇ ಅದಕ್ಕೆ ನಿಂತಿದೆ.

ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿರುವುದು ನಮ್ಮ ಮಕ್ಕಳಿಗೆ ದೊಡ್ಡ ಅಡ್ಡಿಯೇ ಸರಿ. ಆದುದರಿಂದ ಹಿರಿಯ ಬಾಲಿಕೆಯರು ವಾರಕ್ಕೊಂದು ಚಿತ್ರದ ವಿವರಣೆಯನ್ನು ಕನ್ನಡಕ್ಕೆ ತಿರುಗಿಸಿ ಗೋಡೆಗೆ ಹಚ್ಚಬೇಕೆಂದು ಏರ್ಪಡಿಸಿದ್ದೇನೆ. ಮೊದಲನೆಯದನ್ನು ಆ ನ್ಯೂಟ್ರಿನೋ ಹುಡುಗಿಯೇ ಬರೆದಳು. ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಕೊಠಡಿಯು ತೆರೆದಿರುತ್ತದೆ. ಸಂಶಯವುಳ್ಳ ತಾಯಂದಿರೂ ಬಂದು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಬಹುದು.