ಕಣ್ಣಿಗೆ ಬೀಳದ ಎಣ್ಣೆ, ಲೆಕ್ಕಕ್ಕೆ ಬಾರದ ನಷ್ಟ

ಸಣ್ಣ ಉದ್ದಿಮೆದಾರನ ಬಂಡವಾಳದ ದೊಡ್ಡ ಪಾಲು ಇಂದು ನಾಲ್ಕು ಚಕ್ರಗಳ ಮೇಲೆ ಓಡಾಡುತ್ತಿದೆ. ಅಂಗಡಿಗೆ ಸರಕು ತರುವ ಪಿಕಪ್, ಜಲ್ಲಿ ಸಾಗಿಸುವ ಟಿಪ್ಪರ್, ತೋಟದಿಂದ ಮಾವು, ತೆಂಗು ಹೊತ್ತು ಬರುವ ಜೀಪು, ಇವು ನಿಂತರೆ ವ್ಯವಹಾರ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹೀಗಿದ್ದೂ ಈ ಬಂಡವಾಳವನ್ನು ಕಾಯುವ ಒಂದು ವಸ್ತುವಿನ ಬಗ್ಗೆ ನಮ್ಮ ವರ್ತಕ ಬಾಂಧವರಲ್ಲಿ ಅಸಡ್ಡೆ ಮುಂದುವರಿದಿದೆ. ಅದು ಹಿಂದಿನ ಆಕ್ಸಲಿನ ನಡುವೆ ಗುಂಡಗೆ ಕಾಣುವ ಪೆಟ್ಟಿಗೆಯೊಳಗಿನ ಡಿಫರೆನ್ಷಿಯಲ್ ಗೇರ್ ಎಣ್ಣೆ. ಗ್ಯಾರೇಜುಗಳಲ್ಲಿ ಇದನ್ನು ಹೌಸಿಂಗ್ ಆಯಿಲ್ ಎನ್ನುವುದುಂಟು.

ಅಸಡ್ಡೆಗೆ ಕಾರಣವಿಲ್ಲದಿಲ್ಲ. ಇಂಜಿನ್ ಎಣ್ಣೆಯನ್ನು ಅಳೆಯಲು ಕಡ್ಡಿಯಿದೆ. ಒತ್ತಡ ಇಳಿದರೆ ಚಾಲಕನ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಅದು ಕೊಡುವ ಒಂದೇ ಎಚ್ಚರಿಕೆ ಎಂದರೆ ಊಳಿಡುವ ಸದ್ದು. ಆ ಸದ್ದು ಕೇಳಿಬರುವ ಹೊತ್ತಿಗೆ ಹಲ್ಲುಗಳೋ ಬೇರಿಂಗುಗಳೋ ಆಗಲೇ ಸವೆದಿರುತ್ತವೆ. ಆದುದರಿಂದ ಈ ಎಣ್ಣೆಯನ್ನು ಕಿವಿಯಿಂದ ಕಾಯುವುದು ಸಾಧ್ಯವಿಲ್ಲ, ಲೆಕ್ಕಪುಸ್ತಕದಿಂದಲೇ ಕಾಯಬೇಕು ಎಂಬುದು ಈ ಲೇಖನದ ಅಭಿಪ್ರಾಯ. ಆ ಲೆಕ್ಕವನ್ನು ಬರೆಯಬೇಕಾದವನು ಚಾಲಕನಲ್ಲ, ಮೆಕ್ಯಾನಿಕನೂ ಅಲ್ಲ; ವಾಹನದ ಮಾಲೀಕ.

ರಸ್ತೆಯೇ ಅಳತೆಗೋಲು

ಮಾಗಡಿ ತಾಲ್ಲೂಕಿನ ಕಲ್ಯ ಮತ್ತು ಅದರ ಆಸುಪಾಸಿನ ಗ್ರಾಮಗಳನ್ನೇ ತೆಗೆದುಕೊಳ್ಳೋಣ. ಬೆಟ್ಟಗುಡ್ಡ, ಹಾಸುಬಂಡೆಗಳ ನಾಡು ಇದು. ಡಾಂಬರು ರಸ್ತೆ ಬಿಟ್ಟು ಹೊಲ, ತೋಟಗಳತ್ತ ತಿರುಗಿದರೆ ಬೇಸಿಗೆಯಲ್ಲಿ ಹುಡಿಮಣ್ಣು, ಮಳೆಗಾಲದಲ್ಲಿ ಕೊರಕಲು ಮತ್ತು ಕೆಸರು. ಇಂತಹ ದಾರಿಯಲ್ಲಿ ಭಾರ ಹೊತ್ತು ಏರುವ ವಾಹನದ ಒಂದು ಕಿಲೋಮೀಟರು ಹೆದ್ದಾರಿಯ ಒಂದು ಕಿಲೋಮೀಟರಿಗೆ ಸಮನಲ್ಲ.

ಡಿಫರೆನ್ಷಿಯಲ್‌ನ ಕೆಲಸ ಎರಡು. ಇಂಜಿನ್ನಿನ ಶಕ್ತಿಯನ್ನು ತಿರುಗಿಸಿ ಎರಡೂ ಚಕ್ರಗಳಿಗೆ ಹಂಚುವುದು ಒಂದು. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ಸುತ್ತು ಸುತ್ತಲು ಅವಕಾಶ ಕೊಡುವುದು ಇನ್ನೊಂದು. ಸಮತಟ್ಟಾದ ರಸ್ತೆಯಲ್ಲಿ ಒಳಗಿನ ಪುಟ್ಟ ಗೇರುಗಳಿಗೆ ಹೆಚ್ಚು ಕೆಲಸವಿರುವುದಿಲ್ಲ. ಒಂದು ಚಕ್ರ ಕೆಸರಿನಲ್ಲಿ ಹೂತು ಗಿರಗಿರನೆ ತಿರುಗಿ, ಇನ್ನೊಂದು ನಿಂತಾಗ ಅವೇ ಗೇರುಗಳು ಅತಿ ವೇಗದಲ್ಲಿ ಉಜ್ಜಿಕೊಳ್ಳುತ್ತವೆ. ಆ ಕೆಲವು ನಿಮಿಷಗಳಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವುದು ತೆಳುವಾದ ಎಣ್ಣೆಯ ಪದರವೊಂದೇ.

ಇನ್ನು ಕ್ರೌನ್ ಮತ್ತು ಪಿನಿಯನ್. ಇಂದಿನ ಬಹುತೇಕ ವಾಹನಗಳಲ್ಲಿ ಇವು 1920ರ ದಶಕದಲ್ಲಿ ಬಳಕೆಗೆ ಬಂದ ಹೈಪಾಯ್ಡ್ ಮಾದರಿಯವು. ಪಿನಿಯನ್ನಿನ ಅಕ್ಷವು ಕ್ರೌನಿನ ನಡುಗೆರೆಗಿಂತ ಕೆಳಗೆ ಅಥವಾ ಮೇಲೆ ಸರಿದಿರುತ್ತದೆ. ಇದರಿಂದ ಬಲ ಹೆಚ್ಚು, ಸದ್ದು ಕಡಿಮೆ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತಲೂ ಇರುವುದರಿಂದ ಸಾಮಾನ್ಯ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕಾಗಿಯೇ ಇದರ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಡಬ್ಬಿ ತೆರೆದ ಕೂಡಲೇ ಬರುವ ಘಾಟು ವಾಸನೆ ಇದರದೇ. ಉಜ್ಜುವಿಕೆಯ ಶಾಖದಲ್ಲಿ ಈ ಸಂಯುಕ್ತಗಳು ಉಕ್ಕಿನ ಮೇಲೆ ತೆಳುವಾದ ಲೇಪವಾಗಿ ಕೂತು, ಹಲ್ಲಿನ ಬದಲು ತಾವೇ ಸವೆಯುತ್ತವೆ. ಎಣ್ಣೆ ಸೋರದಿದ್ದರೂ, ಅಳತೆ ಕಡಿಮೆಯಾಗದಿದ್ದರೂ ಅದರ ಸತ್ವ ಖರ್ಚಾಗುತ್ತಲೇ ಇರುತ್ತದೆ. "ಸೋರಿಕೆ ಇಲ್ಲವಲ್ಲ, ಬದಲಾಯಿಸುವುದೇಕೆ?" ಎಂಬ ರೂಢಿಯ ಪ್ರಶ್ನೆಗೆ ಉತ್ತರ ಇದೇ.

ಹಳ್ಳ ದಾಟಿದ ವಾಹನ

ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಭಾರ ಹೊತ್ತು ಬಂದ ವಾಹನದ ಆಕ್ಸಲ್ ಬಿಸಿಯಾಗಿರುತ್ತದೆ. ಅದು ಹಳ್ಳಕ್ಕಿಳಿದಾಗ ಪೆಟ್ಟಿಗೆ ಥಟ್ಟನೆ ತಣಿದು ಒಳಗಿನ ಗಾಳಿ ಕುಗ್ಗುತ್ತದೆ. ಉಸಿರು ಕೊಳವೆಯ ಮೂಲಕವೋ ಸವೆದ ಸೀಲುಗಳ ಮೂಲಕವೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದು ಹಲ್ಲುಗಳನ್ನು ಕಾಯಲಾರದು, ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಆಕ್ಸಲ್ ಮುಳುಗುವಷ್ಟು ನೀರು ದಾಟಿದ ವಾಹನದ ಎಣ್ಣೆಯನ್ನು ಕಿಲೋಮೀಟರಿನ ಲೆಕ್ಕ ನೋಡದೆ ಕೂಡಲೇ ಪರೀಕ್ಷಿಸಬೇಕು. ಬಣ್ಣ ಕೆಟ್ಟಿದ್ದರೆ ಅಂದೇ ಬದಲಾಯಿಸಬೇಕು.

ಆಕ್ಸಲಿನ ಮೇಲಿರುವ ಉಸಿರು ಕೊಳವೆಗೆ ಮಣ್ಣು ಮೆತ್ತಿಕೊಂಡರೆ ಅಪಾಯ ತಿರುಗಿ ಬರುತ್ತದೆ. ಬಿಸಿಯಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನಾಚೆಗೆ ನೂಕುತ್ತದೆ. ಚಕ್ರದ ಕಡೆ ಹರಿದ ಎಣ್ಣೆ ಬ್ರೇಕ್ ಲೈನಿಂಗುಗಳನ್ನು ತೋಯಿಸುತ್ತದೆ. ಭಾರ ತುಂಬಿದ ವಾಹನ ಇಳಿಜಾರಿನಲ್ಲಿರುವಾಗ ಹೀಗಾದರೆ ನಷ್ಟವನ್ನು ರೂಪಾಯಿಯಲ್ಲಿ ಅಳೆಯಲು ಬಾರದು. ಈ ವಿಷಯದಲ್ಲಿ ಪಣಕ್ಕಿರುವುದು ಚಾಲಕನ ಮತ್ತು ದಾರಿಹೋಕನ ಜೀವವೂ ಹೌದೆಂಬುದನ್ನು ಮಾಲೀಕರು ಮನಗಾಣಬೇಕು.

ತಯಾರಕರ ಕೈಪಿಡಿಯಲ್ಲಿ ಎಣ್ಣೆ ಬದಲಾವಣೆಯ ಅಂತರವನ್ನು ನಮೂದಿಸಿರುತ್ತಾರೆ. ಅನೇಕ ಕೈಪಿಡಿಗಳಲ್ಲಿ ಧೂಳು, ಭಾರ, ನೀರು ಮುಂತಾದ ಕಠಿಣ ಬಳಕೆಗೆ ಪ್ರತ್ಯೇಕವಾಗಿ ಕಡಿಮೆ ಅಂತರವನ್ನು ಸೂಚಿಸಿರುವುದೂ ಉಂಟು. ನಾವು ಓದುವುದು ಮೊದಲನೆಯದನ್ನು, ಓಡಿಸುವುದು ಎರಡನೆಯ ಬಗೆಯ ರಸ್ತೆಯಲ್ಲಿ. ಕಠಿಣ ಬಳಕೆಯ ಸೂಚನೆ ಕೈಪಿಡಿಯಲ್ಲಿ ಇಲ್ಲದಿದ್ದರೆ ಸಾಮಾನ್ಯ ಅಂತರದ ಅರ್ಧಕ್ಕೆ ಬದಲಾಯಿಸುವುದು ವಿವೇಕವೆಂದು ನನ್ನ ಅಭಿಪ್ರಾಯ. ಹೊಸ ವಾಹನದಲ್ಲಾಗಲಿ, ಹೊಸ ಕ್ರೌನ್-ಪಿನಿಯನ್ ಜೋಡಿಸಿದಾಗಲಾಗಲಿ ಹಲ್ಲುಗಳು ಹೊಂದಿಕೊಳ್ಳುವಾಗ ಲೋಹದ ಪುಡಿ ಉದುರುವುದರಿಂದ ಮೊದಲ ಬದಲಾವಣೆ ಇನ್ನೂ ಬೇಗ ಆಗತಕ್ಕದ್ದು.

ಒಂದೇ ಪೀಪಾಯಿಯ ಎಣ್ಣೆ

ಇನ್ನು ಮಾರಾಟಗಾರರಿಗೆ ಸಂಬಂಧಿಸಿದ ಮಾತು. ಒಂದೇ ಪೀಪಾಯಿಯಿಂದ ಸಡಿಲ ಎಣ್ಣೆಯನ್ನು ಅಳೆದು ಗೇರ್ ಬಾಕ್ಸಿಗೂ, ಡಿಫರೆನ್ಷಿಯಲ್‌ಗೂ, ಟ್ರ್ಯಾಕ್ಟರಿಗೂ ಕೊಡುವ ಪದ್ಧತಿ ಸರಿಯಲ್ಲ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ವರ್ಗೀಕರಣದಲ್ಲಿ ಹೈಪಾಯ್ಡ್ ಆಕ್ಸಲಿಗೆ ಹೇಳಿದ್ದು ಜಿ.ಎಲ್.-5, ಅನೇಕ ಗೇರ್ ಬಾಕ್ಸುಗಳಿಗೆ ಹೇಳಿದ್ದು ಜಿ.ಎಲ್.-4. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಜಿ.ಎಲ್.-5 ಎಲ್ಲ ಕಡೆಗೂ ಉತ್ತಮವೆಂದು ತಿಳಿಯುವುದು ತಪ್ಪು. ಅದರಲ್ಲಿ ಹೆಚ್ಚಿರುವ ಗಂಧಕದ ಸಂಯುಕ್ತಗಳು ಗೇರ್ ಬಾಕ್ಸಿನ ಹಿತ್ತಾಳೆಯ ಬಳೆಗಳಿಗೆ ಹಾನಿ ಮಾಡಬಲ್ಲವು. ಜಿ.ಎಲ್.-4 ಅನ್ನು ಹೈಪಾಯ್ಡ್ ಆಕ್ಸಲಿಗೆ ಹಾಕಿದರೆ ಹಲ್ಲುಗಳಿಗೆ ಸಾಕಷ್ಟು ರಕ್ಷಣೆ ದೊರೆಯದು. ಅನೇಕ ಟ್ರ್ಯಾಕ್ಟರುಗಳಲ್ಲಂತೂ ಗೇರ್ ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಅದು ಬೇರೆಯೇ ಜಾತಿಯದು.

80 ಡಬ್ಲ್ಯು-90, 85 ಡಬ್ಲ್ಯು-140 ಎಂಬ ಅಂಕಿಗಳು ಸೂಚಿಸುವುದು ಎಣ್ಣೆಯ ಸಾಂದ್ರತೆಯನ್ನಲ್ಲ, ಹರಿಯುವಿಕೆಯ ಮಂದತೆಯನ್ನು. ಮಂದವಾದ ಎಣ್ಣೆ ಹೆಚ್ಚು ಭಾರ ತಡೆಯುತ್ತದೆಂದು ಕೈಪಿಡಿಯ ಸೂಚನೆ ಮೀರಿ ತುಂಬಿಸುವುದೂ ಸಲ್ಲದು. ಜಾರುವಿಕೆಯನ್ನು ತಡೆಯುವ ಕ್ಲಚ್ಚುಳ್ಳ ಡಿಫರೆನ್ಷಿಯಲ್‌ಗೆ ವಿಶೇಷ ಮಿಶ್ರಣದ ಎಣ್ಣೆ ಬೇಕಾಗಬಹುದು. ಗ್ರಾಹಕ ಬಂದಾಗ "ಯಾವ ವಾಹನ, ಯಾವ ಭಾಗಕ್ಕೆ?" ಎಂಬ ಎರಡು ಪ್ರಶ್ನೆ ಕೇಳಿ, ಮುದ್ರೆ ಒಡೆಯದ ಡಬ್ಬಿಯನ್ನು ಬಿಲ್ಲಿನೊಂದಿಗೆ ಕೊಡುವ ಅಂಗಡಿಯವನು ಎಣ್ಣೆಯ ಜೊತೆ ವಿಶ್ವಾಸವನ್ನೂ ಮಾರುತ್ತಾನೆ. ಬಿಲ್ಲಿನಿಂದ ಕೊಳ್ಳುವವನಿಗೂ ಲಾಭವಿದೆ: ಜಿ.ಎಸ್.ಟಿ.ಯ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತನಾದ ವರ್ತಕನು ತನ್ನ ತೆರಿಗೆಯುಕ್ತ ವ್ಯವಹಾರದ ಸರಕು ಸಾಗಣೆ ವಾಹನಕ್ಕೆ ಕೊಂಡ ಎಣ್ಣೆಯ ಮೇಲಿನ ತೆರಿಗೆಯನ್ನು ಜಮೆ ಪಡೆಯಬಹುದು. ಬಿಲ್ಲಿಲ್ಲದ ಅಗ್ಗದ ಎಣ್ಣೆಗೆ ಆ ಅನುಕೂಲವಿಲ್ಲ.

ಆಕ್ಸಲ್ ತಯಾರಿಕೆಯಲ್ಲಿ ನಮ್ಮ ರಾಜ್ಯಕ್ಕೆ ಹೆಸರಿದೆ. ಮೈಸೂರಿನ ಆಟೋಮೋಟಿವ್ ಆಕ್ಸಲ್ಸ್ ಸಂಸ್ಥೆ 1981ರಲ್ಲಿ ಸ್ಥಾಪನೆಯಾಯಿತು. ಮಾಗಡಿಗೆ ನೆರೆಯ ಬಿಡದಿಯಲ್ಲಿ 2002ರಿಂದ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಇದೆ. ಕೂದಲೆಳೆಗಿಂತಲೂ ಸೂಕ್ಷ್ಮ ಅಳತೆಯಲ್ಲಿ ಹಲ್ಲು ಕಡೆಯುವ ಶ್ರಮ ಒಂದು ಕಡೆ, ಹೆಸರಿಲ್ಲದ ಎಣ್ಣೆ ಸುರಿಯುವ ಅಭ್ಯಾಸ ಇನ್ನೊಂದು ಕಡೆ ಇರುವುದು ಉಚಿತವೆನಿಸದು.

ಅರ್ಧ ಗಂಟೆಯ ಕೆಲಸ

ಬದಲಾವಣೆಯ ವಿಧಾನ ಕಠಿಣವಲ್ಲ. ಸ್ವಲ್ಪ ದೂರ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ವಾಹನವನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ತಡೆ ಕೊಡಬೇಕು. ಮೊದಲು ತೆರೆಯಬೇಕಾದ್ದು ಮೇಲಿನ ತುಂಬುವ ಬಿರಡೆಯನ್ನು. ಕೆಳಗಿನದನ್ನು ಮೊದಲು ತೆರೆದು ಎಣ್ಣೆಯನ್ನೆಲ್ಲ ಹರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ವಾಹನ ನಿಂತಲ್ಲೇ ನಿಲ್ಲುತ್ತದೆ. ಕೆಳಗಿನ ಬಿರಡೆಗೆ ಅಯಸ್ಕಾಂತವಿದ್ದರೆ ಅದನ್ನು ಗಮನಿಸಿ ನೋಡಬೇಕು. ಬೂದುಬಣ್ಣದ ನುಣ್ಣನೆಯ ಲೇಪ ಸಹಜ ಸವೆತ. ಚೂರುಗಳು, ಹಲ್ಲಿನ ತುಣುಕುಗಳು ಸಿಕ್ಕರೆ ಪೆಟ್ಟಿಗೆ ಬಿಚ್ಚಿಸಲೇಬೇಕು. ಬಿರಡೆಗಳಿಗೆ ಹೊಸ ವಾಷರ್ ಹಾಕಿ, ತುಂಬುವ ರಂಧ್ರದ ಕೆಳ ಅಂಚಿಗೆ ಎಣ್ಣೆ ಮುಟ್ಟುವವರೆಗೆ ತುಂಬುವುದು ಸಾಮಾನ್ಯ ಅಳತೆ. ಉಸಿರು ಕೊಳವೆಯನ್ನೂ ಅಂದೇ ಶುಚಿಗೊಳಿಸಬೇಕು. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ವಾಹನದಲ್ಲಿ ಮುಂದಿನ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸನ್ನು ಮರೆಯಬಾರದು.

"ಕೆಲಸದ ದಿನ ಹಾಳಾಗುತ್ತದೆ, ಕೈಯಲ್ಲಿ ಹಣವಿಲ್ಲ" ಎಂಬ ಸಣ್ಣ ಮಾಲೀಕನ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಪಿಕಪ್ಪಿನಂತಹ ವಾಹನಕ್ಕೆ ಬೇಕಾಗುವುದು ಕೆಲವೇ ಲೀಟರ್ ಎಣ್ಣೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುವುದರಿಂದ ಒಂದು ಕೆಟ್ಟರೂ ಎರಡನ್ನೂ ಕೊಳ್ಳಬೇಕು. ಅದರ ಮೇಲೆ ಕೂಲಿ, ಬೇರಿಂಗು, ನಿಂತ ದಿನಗಳ ಬಾಡಿಗೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ ಇದು.

ಒಂದು ಪುಟದ ಲೆಕ್ಕ

ವಾಹನದ ಸವಕಳಿಯನ್ನು ವರ್ಷಕ್ಕೊಮ್ಮೆ ಲೆಕ್ಕಪತ್ರದಲ್ಲಿ ತಪ್ಪದೆ ಬರೆಯುತ್ತೇವೆ. ಆಕ್ಸಲಿನೊಳಗೆ ದಿನವೂ ನಡೆಯುವ ಸವಕಳಿಗೆ ಒಂದು ಸಾಲೂ ಇಲ್ಲ. ಚಾಲಕರು ಬದಲಾಗುತ್ತಿರುತ್ತಾರೆ, ಸದ್ದಿನ ವಿಷಯ ಹೇಳಿದರೆ ತಪ್ಪು ತನ್ನ ತಲೆಗೇ ಬರುವುದೆಂದು ಸುಮ್ಮನಿರುವವರೂ ಉಂಟು. ಮೆಕ್ಯಾನಿಕನು ಹೇಳಿದ ಕೆಲಸವನ್ನಷ್ಟೇ ಮಾಡುತ್ತಾನೆ. ಪ್ರತಿ ವಾಹನಕ್ಕೂ ಒಂದು ಪುಟ ಮೀಸಲಿಟ್ಟು ದಿನಾಂಕ, ಕಿಲೋಮೀಟರು, ಎಣ್ಣೆಯ ದರ್ಜೆ, ಬಿರಡೆಯಲ್ಲಿ ಕಂಡದ್ದು, ದಾಟಿದ ಹಳ್ಳ ಇವನ್ನು ಬರೆದಿಟ್ಟರೆ ಸಾಕು. ವಾಹನ ಮಾರುವಾಗಲೂ ಈ ಪುಟ ಕೊಳ್ಳುವವನಲ್ಲಿ ನಂಬಿಕೆ ಹುಟ್ಟಿಸುತ್ತದೆ.

ಕಲ್ಯಕ್ಕೆ ಈ ಬಗೆಯ ಮುಂದಾಲೋಚನೆ ಹೊಸದೇನಲ್ಲ. ಕ್ರಿ.ಶ. 1368ರಲ್ಲಿ ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಪ್ಪಂದದ ಶಾಸನ ಶ್ರವಣಬೆಳಗೊಳದಲ್ಲೂ ಕಲ್ಯದಲ್ಲೂ ಇದೆ. ಶ್ರವಣಬೆಳಗೊಳದ ಶಾಸನದಂತೆ, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಸಂಗ್ರಹಿಸಿ, ದೇವರ ರಕ್ಷಣೆಗೆ 20 ಆಳುಗಳನ್ನಿಟ್ಟು, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದೆಂದು ಗೊತ್ತುಪಡಿಸಲಾಯಿತು. ರಾಯನಲ್ಲಿ ಬಿನ್ನವಿಸಿ ಈ ಕಾರ್ಯದಲ್ಲಿ ಮುಂದಾದವನು, ಶಾಸನವು ಕಲ್ಲೆಹವೆಂದು ಕರೆಯುವ ಇದೇ ಊರಿನ ಬುಸುವಿಸೆಟ್ಟಿ. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಕಾಪಾಡಬೇಕಾದ್ದಕ್ಕೆ ವರ್ಷವರ್ಷವೂ ಸ್ವಲ್ಪ ಹಣ ಎತ್ತಿಡಬೇಕೆಂಬ ಆ ನಿಯಮ ನಮ್ಮ ವಾಹನಗಳಿಗೂ ಅನ್ವಯಿಸುತ್ತದೆ.

ಹಳೆಯ ಎಣ್ಣೆಯ ಹೊಣೆ

ಹೊರತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯುವುದು, ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿಯುವುದು ನಿಲ್ಲಬೇಕು. ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳೆರಡೂ ಮಾಗಡಿ ಸೀಮೆಯಲ್ಲೇ ಇವೆ. ಚರಂಡಿಗೆ ಸುರಿದದ್ದು ಕೆರೆ, ಬಾವಿಗಳ ದಾರಿ ಹಿಡಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಮರುಸಂಸ್ಕರಣಕಾರರಿಗೇ ಹೋಗಬೇಕು. 2023ರ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಎಣ್ಣೆಯ ಉತ್ಪಾದಕರ ಮೇಲೂ ಅದನ್ನು ಹಿಂಪಡೆದು ಸಂಸ್ಕರಿಸುವ ಹೊಣೆ ಬಿದ್ದಿದೆ. ಒಬ್ಬ ಗ್ಯಾರೇಜಿನವನ ನಾಲ್ಕು ಲೀಟರಿಗಾಗಿ ಯಾವ ಸಂಗ್ರಾಹಕನೂ ಬಾರನು. ಹತ್ತು ಗ್ಯಾರೇಜುಗಳು ಸೇರಿ ಒಂದು ಮುಚ್ಚಿದ ಪೀಪಾಯಿ ಇಟ್ಟರೆ ಅದು ಮಾರಾಟವಾಗುವ ಸರಕಾಗುತ್ತದೆ. ಇದಕ್ಕೆ ಸ್ಥಳೀಯ ವರ್ತಕ ಸಂಘಗಳು ಮುಂದಾಗುವುದು ಸೂಕ್ತ.

ಮಾಲೀಕನು ಪುಟ ಬರೆಯಲಿ, ವರ್ತಕನು ಸರಿಯಾದ ದರ್ಜೆಯನ್ನು ಬಿಲ್ಲಿನೊಡನೆ ಮಾರಲಿ, ಗ್ಯಾರೇಜಿನವನು ಹಳೆಯ ಎಣ್ಣೆಯನ್ನು ಕೂಡಿಡಲಿ. ಮೂರಕ್ಕೂ ಸರ್ಕಾರದ ಸಹಾಯಧನ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಮುಂಗಾರು ಆರಂಭವಾಗುವ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ತಮ್ಮ ವಾಹನಗಳ ತುಂಬುವ ಬಿರಡೆ ತೆರೆಸಿ ಎಣ್ಣೆಯ ಬಣ್ಣ ನೋಡುವಂತೆ ಸದಸ್ಯ ಬಾಂಧವರಲ್ಲಿ ವಿನಂತಿ.