ಐದು ವರ್ಷವೆಂಬ ಮಾತು

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದು ಒಬ್ಬ ತಾಯಿ ಬರೆದುದು. ಅವರ ಇಪ್ಪತ್ತೆರಡು ವರ್ಷದ ಮಗಳಿಗೆ ಲೂಪಸ್ ಎಂಬ ವ್ಯಾಧಿಯಿರುವುದೆಂದು ವೈದ್ಯರು ನಿಶ್ಚಯಿಸಿದ್ದಾರೆ. ಬಂಧುಗಳಲ್ಲಿ ಹಿರಿಯರೊಬ್ಬರು ಇದನ್ನು ಕೇಳಿ, "ಅಯ್ಯೋ, ಆ ರೋಗ ಬಂದವರು ಐದು ವರ್ಷಕ್ಕಿಂತ ಹೆಚ್ಚು ಉಳಿಯುವುದಿಲ್ಲವಂತೆ" ಎಂದು ನಡುಮನೆಯಲ್ಲಿಯೇ ಅಂದುಬಿಟ್ಟರಂತೆ. ಹುಡುಗಿಯ ಕಿವಿಗೆ ಅದು ಬಿದ್ದಿದೆ. ಅಂದಿನಿಂದ ಮಾತ್ರೆ ನುಂಗುವುದಕ್ಕೂ ಅವಳಿಗೆ ಮನಸ್ಸಿಲ್ಲ. "ಹೇಗೂ ಐದೇ ವರ್ಷವಷ್ಟೆ" ಎನ್ನುತ್ತಾಳೆ. ಈ ಮಾತು ನಿಜವೆ ಎಂದು ತಾಯಿಯ ಪ್ರಶ್ನೆ.

ನಾವು ವೈದ್ಯರಲ್ಲ, ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಆದರೂ ಬಲ್ಲವರ ಬರಹಗಳನ್ನು ಓದಿ ತಿಳಿದುದನ್ನು ವಾಚಕರ ಮುಂದಿಡುವುದು ಈ ಪುಟಗಳಲ್ಲಿ ನಮ್ಮ ವಾಡಿಕೆಯಾಗಿ ಬಂದಿರುವುದರಿಂದ ಉತ್ತರ ಕೊಡಲು ಮುಂದಾಗಿದ್ದೇವೆ. ಆ ಹಿರಿಯರ ಮಾತಿಗೆ ಒಂದು ಕಾಲದಲ್ಲಿ ಸ್ವಲ್ಪ ಆಧಾರವಿದ್ದಿತು. ಆ ಕಾಲ ಕಳೆದು ಎಪ್ಪತ್ತು ವರ್ಷಗಳಾದುವು.

ಮೊದಲು ರೋಗದ ಸ್ವರೂಪವನ್ನು ಹೇಳಬೇಕು. ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡತಕ್ಕ ಶಕ್ತಿಯೊಂದು ನಮ್ಮ ಶರೀರದಲ್ಲಿರುವುದಷ್ಟೆ. ಲೂಪಸ್ ರೋಗದಲ್ಲಿ ಆ ಕಾವಲಿನ ಶಕ್ತಿಯೇ ತನ್ನವರು ಪರರು ಎಂಬ ವಿವೇಕವನ್ನು ಕಳೆದುಕೊಂಡು ಸ್ವಂತ ಚರ್ಮವನ್ನೂ ಕೀಲುಗಳನ್ನೂ ಮೂತ್ರಪಿಂಡಗಳನ್ನೂ ರಕ್ತವನ್ನೂ ಪೀಡಿಸತೊಡಗುತ್ತದೆ. ಹತ್ತು ಮಂದಿ ರೋಗಿಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು; ಅವರಲ್ಲಿಯೂ ಹೆಚ್ಚಿನವರು ತಾರುಣ್ಯದಲ್ಲಿರುವವರು. ಲೂಪಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ತೋಳದ ಹೆಸರು. ಮುಖದ ಮೇಲಿನ ಹುಣ್ಣು ತೋಳ ಕಚ್ಚಿದಂತೆ ಕಾಣುವುದೆಂದು ಮಧ್ಯಯುಗದ ಯೂರೋಪಿನವರು ಆ ಹೆಸರಿಟ್ಟರೆಂದು ಹೇಳುತ್ತಾರೆ. ಸಂಸ್ಕೃತದಲ್ಲಿ ತೋಳಕ್ಕೆ ವೃಕವೆಂದು ಹೆಸರು. ನಾವೆಲ್ಲರೂ ಭಸ್ಮಾಸುರನೆಂದು ಕರೆಯುವ ದೈತ್ಯನಿಗೆ ಭಾಗವತದ ದಶಮಸ್ಕಂಧದಲ್ಲಿ ಇರುವ ಹೆಸರು ವೃಕಾಸುರನೆಂದು! ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಸಾಯುವರೋ ಅಂತಹ ವರವನ್ನು ಶಿವನಿಂದ ಪಡೆದು, ಕಡೆಗೆ ತನ್ನ ತಲೆಯ ಮೇಲೆಯೇ ತನ್ನ ಕೈಯನ್ನಿಟ್ಟು ಅಳಿದವನು ಅವನು. ಯೂರೋಪಿನ ವೈದ್ಯರು ಭಾಗವತವನ್ನು ಓದಿ ಹೆಸರಿಟ್ಟವರಲ್ಲ. ಆದರೂ ಹೆಸರು ಇಷ್ಟು ಚೆನ್ನಾಗಿ ಹೊಂದಿರುವುದನ್ನು ಕಂಡು ನಮಗೆ ಸೋಜಿಗವಾಯಿತು.

ಇನ್ನು ಐದು ವರ್ಷದ ಮೂಲವನ್ನು ನೋಡೋಣ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಮಾರ್ಗರೆಟ್ ಮೆರೆಲ್ ಎಂಬ ಗಣಿತಜ್ಞೆಯೂ ಲಾರೆನ್ಸ್ ಶುಲ್ಮನ್ ಎಂಬ ವೈದ್ಯರೂ ಕೂಡಿ 99 ಮಂದಿ ಲೂಪಸ್ ರೋಗಿಗಳ ವೃತ್ತಾಂತವನ್ನು ಲೆಕ್ಕಹಾಕಿ 1955ರಲ್ಲಿ ಪ್ರಕಟಿಸಿದರು. ರೋಗ ಗೊತ್ತಾದ ನಾಲ್ಕು ವರ್ಷಗಳ ಮೇಲೆ ಬದುಕಿ ಉಳಿಯುವವರು ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯೆಂದು ಅವರ ಲೆಕ್ಕದಿಂದ ತಿಳಿದುಬಂದಿತು. ಪಾಠದ ಪುಸ್ತಕಗಳಿಗೆ ಹೋದ ಸಂಖ್ಯೆ ಅಲ್ಲಿಂದ ಜನರ ಬಾಯಿಗೆ ಬಂದು, ಬಾಯಿಂದ ಬಾಯಿಗೆ ದಾಟುತ್ತ "ಯಾರೂ ಉಳಿಯುವುದಿಲ್ಲ" ಎಂದಾಗಿರುವುದು. ಅರ್ಧದಷ್ಟು ಮಂದಿ ಉಳಿಯುವರೆಂಬುದಕ್ಕೂ ಒಬ್ಬರೂ ಉಳಿಯುವುದಿಲ್ಲವೆಂಬುದಕ್ಕೂ ಎಷ್ಟು ಅಂತರವೆಂಬುದನ್ನು ನಾಲ್ಕನೆಯ ತರಗತಿಯ ಹುಡುಗನೂ ಬಲ್ಲನು.

ಆ ಕಾಲದ ಸ್ಥಿತಿ ಎಂತಹುದೆಂಬುದು ಒಂದೇ ಮನೆಯ ಇಬ್ಬರ ಕಥೆಯಿಂದ ತಿಳಿಯುತ್ತದೆ. ಅಮೆರಿಕದ ಕಥೆಗಾರ್ತಿ ಫ್ಲಾನರಿ ಓಕಾನರ್ ಹೆಸರನ್ನು ಇಂಗ್ಲಿಷ್ ಬಲ್ಲ ವಾಚಕರು ಕೇಳಿರಬಹುದು. ಆಕೆಯ ತಂದೆ ಇದೇ ಲೂಪಸಿನಿಂದ 1941ರಲ್ಲಿ ತೀರಿಕೊಂಡರು. ಆಗ ಮಗಳಿಗೆ ಹದಿನೈದು ವರ್ಷ. ವೈದ್ಯರಲ್ಲಿ ತಕ್ಕ ಔಷಧವೇ ಇರಲಿಲ್ಲ. ಅದಾದ ಕೆಲವೇ ವರ್ಷಗಳಲ್ಲಿ, 1948ರಲ್ಲಿ, ರಾಚೆಸ್ಟರ್ ಊರಿನ ಮೇಯೋ ಕ್ಲಿನಿಕ್ಕಿನಲ್ಲಿ ಎರಡು ದೊಡ್ಡ ಕೆಲಸಗಳು ನಡೆದುವು. ಹಾರ್ಗ್ರೇವ್ಸ್ ಮತ್ತು ಅವರ ಸಂಗಡಿಗರು ಲೂಪಸನ್ನು ಗುರುತಿಸಲು ನೆರವಾಗುವ ಒಂದು ಬಗೆಯ ಜೀವಕಣವನ್ನು ಕಂಡುಹಿಡಿದರು. ಫಿಲಿಪ್ ಹೆಂಚ್ ಎಂಬವರು ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಕೊಟ್ಟು, ಎದ್ದು ಓಡಾಡಲಾರದವರು ಎದ್ದು ನಡೆಯುವುದನ್ನು ಕಂಡರು. ಅದಕ್ಕಾಗಿ 1950ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಬಂದಿತು. ಅದೇ 1950ರ ಕೊನೆಯಲ್ಲಿ ಇಪ್ಪತ್ತೈದು ವರ್ಷದ ಓಕಾನರ್ ಕಾಯಿಲೆ ಬಿದ್ದರು. ಶರೀರದೊಳಗೆ ಸ್ಟೀರಾಯ್ಡನ್ನು ಹೆಚ್ಚಿಸುವ ಹೊಸ ಔಷಧವನ್ನು ವೈದ್ಯರು ಅವರಿಗೆ ಕೊಟ್ಟರು. ಜಾರ್ಜಿಯ ಪ್ರಾಂತದ ತಾಯಿಯ ತೋಟದಲ್ಲಿ ನವಿಲುಗಳನ್ನು ಸಾಕಿಕೊಂಡು, ಊರುಗೋಲನ್ನು ಹಿಡಿದು, ಕಥೆ ಕಾದಂಬರಿಗಳನ್ನು ಬರೆಯುತ್ತ ಅವರು ಮತ್ತೆ ಹದಿಮೂರು ವರ್ಷಗಳಿಗೂ ಮೀರಿ ಬಾಳಿದರು. 1964ರ ಆಗಸ್ಟಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಪಾಯುಸ್ಸೇ ಸರಿ, ಆದರೂ ಆಕೆಗೆ ಕೀರ್ತಿಯನ್ನು ತಂದ ಬರಹದ ಬಹುಭಾಗ ಆ ವರ್ಷಗಳದು. ಇನ್ನೊಂದು ಸಂಗತಿ ನಮ್ಮ ಮನೆಗಳಿಗೂ ಸಲ್ಲತಕ್ಕದ್ದು. ರೋಗದ ನಿಜವಾದ ಹೆಸರನ್ನು ತಾಯಿ ಮಗಳಿಗೆ ಮೊದಲು ತಿಳಿಸಲೇ ಇಲ್ಲ, ಕೀಲುವಾತವೆಂದೇ ಹೇಳಿದ್ದರು. 1952ರಲ್ಲಿ ಗೆಳತಿಯೊಬ್ಬಳ ಬಾಯಿಂದ ಆಕೆಗೆ ಅದು ಗೊತ್ತಾಯಿತು.

ಮುಂದಿನ ದಶಕಗಳಲ್ಲಿ ಮೂತ್ರಪಿಂಡವನ್ನು ಕಾಪಾಡುವ ಬಲವಾದ ಔಷಧಗಳು ಬಂದುವು, ಕೆಟ್ಟ ಮೂತ್ರಪಿಂಡಕ್ಕೆ ಬದಲಾಗಿ ಡಯಾಲಿಸಿಸ್ ಬಂದಿತು, ಸೋಂಕಿಗೆ ಒಳ್ಳೆಯ ಮದ್ದುಗಳು ಬಂದುವು. ನೂರಾರು ರೋಗಿಗಳ ಗುಂಪುಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಸಂಪನ್ನ ದೇಶಗಳ ವಯಸ್ಕ ರೋಗಿಗಳಲ್ಲಿ ಐದು ವರ್ಷಗಳ ಮೇಲೆ ಬದುಕಿರುವವರು ನೂರಕ್ಕೆ 95. ಹತ್ತು ವರ್ಷಗಳ ಮೇಲೆ 89. ಹದಿನೈದು ವರ್ಷಗಳ ಮೇಲೆ 82. ನಮ್ಮಂತಹ ಮಧ್ಯಮ ಆದಾಯದ ದೇಶಗಳನ್ನೂ ಬಡ ದೇಶಗಳನ್ನೂ ಒಟ್ಟಿಗೆ ಹಿಡಿದರೆ ಈ ಸಂಖ್ಯೆಗಳು 92, 85, 79. ಕಾಗದ ಬರೆದ ತಾಯಿ ಮಗಳಿಗೆ ತೋರಿಸಬೇಕಾದ ಸಂಖ್ಯೆಗಳು ಇವೇ.

ಆದರೆ ಈ ಏರಿಕೆಯೆಲ್ಲವೂ ಔಷಧದ ಮಹಿಮೆಯೆಂದು ಹೇಳಿದರೆ ಅದು ಲೆಕ್ಕಕ್ಕೆ ಅಪಚಾರವಾದೀತು. ಮೊದಲಿನ ಕಾಲದಲ್ಲಿ ರೋಗ ಉಲ್ಬಣಿಸಿದ ಮೇಲೆಯೇ ಅದರ ಹೆಸರು ಗೊತ್ತಾಗುತ್ತಿದ್ದಿತು. ಈಗ ರಕ್ತಪರೀಕ್ಷೆಯ ಬಲದಿಂದ ಸೌಮ್ಯವಾದ ಪ್ರಕರಣಗಳೂ ಆರಂಭದಲ್ಲಿಯೇ ಪಟ್ಟಿಗೆ ಸೇರುತ್ತವೆ. ವರ್ಷಗಳ ಎಣಿಕೆಯೂ ಬೇಗ ಮೊದಲಾಗುತ್ತದೆ. ಸರಾಸರಿ ಮೇಲೇರುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಲೂಪಸಿನವರು ತೀರಿಕೊಂಡಾಗ ಮರಣಪತ್ರದಲ್ಲಿ ಹೃದಯಾಘಾತವೆಂದೋ ಮೂತ್ರಪಿಂಡದ ರೋಗವೆಂದೋ ಬರೆದು, ಲೂಪಸಿನ ಹೆಸರನ್ನೇ ಬಿಟ್ಟಿರುವುದು ಅಮೆರಿಕದಲ್ಲಿಯೂ ಬಹಳವಾಗಿ ಕಂಡುಬಂದಿದೆ. ಮತ್ತೊಂದು ಮಾತು: 2017ರ ಅದೇ ಲೆಕ್ಕವನ್ನು ನೋಡಿದರೆ, 1950ರ ದಶಕದಿಂದ ಒಂದೇ ಸಮನೆ ಏರಿಬಂದ ಗೆರೆಯು 1990ರ ದಶಕದ ನಡುವಿನಿಂದ ಈಚೆಗೆ ಸಮತಟ್ಟಾಗಿ ನಿಂತಿದೆ. ಮಕ್ಕಳ ವಿಷಯವಂತೂ ನೋಯಿಸತಕ್ಕದ್ದು. ಸಂಪನ್ನ ದೇಶದಲ್ಲಿ ಲೂಪಸ್ ಬಂದ ನೂರು ಮಕ್ಕಳಲ್ಲಿ ಹತ್ತು ವರ್ಷಗಳ ಮೇಲೆ 97 ಮಂದಿ ಬದುಕಿದ್ದರೆ, ಉಳಿದ ದೇಶಗಳಲ್ಲಿ 79 ಮಂದಿ ಮಾತ್ರ. ರೋಗ ಎರಡು ಕಡೆಯಲ್ಲಿಯೂ ಒಂದೇ. ಆಸ್ಪತ್ರೆಯ ದೂರ, ಕೈಯಲ್ಲಿನ ಹಣ, ಹೆಸರು ಗೊತ್ತಾಗುವುದಕ್ಕೆ ಮುಂಚೆ ಕಳೆದುಹೋದ ತಿಂಗಳುಗಳು, ಇವುಗಳ ಅಂತರವನ್ನೇ ಆ ಹದಿನೆಂಟು ಮಕ್ಕಳು ತೆತ್ತಿರುವುದೆಂದು ನಮ್ಮ ಅಭಿಪ್ರಾಯ.

ಉಳಿದ ಸಾವುಗಳು ಯಾವಾಗ, ಏತರಿಂದ ಬರುತ್ತವೆಂಬುದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಕೆನಡದ ಟೊರಾಂಟೊ ನಗರದ ಮರ್ರೆ ಯೂರೋವಿಟ್ಸ್ ಮತ್ತು ಅವರ ಸಂಗಡಿಗರು, 1976ರಲ್ಲಿ. ಅವರು ಐದು ವರ್ಷ ನೋಡಿಕೊಂಡ 81 ರೋಗಿಗಳಲ್ಲಿ 11 ಮಂದಿ ಸತ್ತಿದ್ದರು. ಅವರಲ್ಲಿ ಆರು ಮಂದಿ ರೋಗ ಗೊತ್ತಾದ ಮೊದಲನೆಯ ವರ್ಷದಲ್ಲಿಯೇ ಹೋದವರು; ರೋಗ ಕೆರಳಿದ್ದಿತು, ಸ್ಟೀರಾಯ್ಡಿನ ಪ್ರಮಾಣ ದೊಡ್ಡದಾಗಿದ್ದಿತು, ಸೋಂಕೂ ಸೇರಿಕೊಂಡಿದ್ದಿತು. ಇನ್ನೈದು ಮಂದಿ ಬಹಳ ವರ್ಷಗಳ ಮೇಲೆ, ರೋಗ ಶಾಂತವಾಗಿದ್ದ ಕಾಲದಲ್ಲಿ ಸತ್ತವರು. ಅವರಲ್ಲಿ ಕಂಡುದು ಹೃದಯಾಘಾತ. ಪಿಟ್ಸ್‌ಬರ್ಗಿನಿಂದ 1997ರಲ್ಲಿ ಬಂದ ವರದಿಯಂತೆ, ಮೂವತ್ತೈದರಿಂದ ನಲವತ್ತನಾಲ್ಕು ವಯಸ್ಸಿನ ಲೂಪಸ್ ಸ್ತ್ರೀಯರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರ ಸ್ತ್ರೀಯರಿಗಿಂತ ಐವತ್ತು ಪಾಲಿಗೂ ಹೆಚ್ಚು. ನಲವತ್ತರ ಹೆಂಗಸು ಎದೆನೋವೆಂದರೆ "ವಾಯು ಇರಬೇಕು, ಓಮದ ನೀರು ಕುಡಿ" ಎನ್ನುವುದು ನಮ್ಮಲ್ಲಿ ರೂಢಿ. ಲೂಪಸ್ ಇರುವ ಮನೆಯಲ್ಲಿ ಆ ರೂಢಿ ಬಹು ಅಪಾಯಕರ. ನಮ್ಮ ದೇಶದ ಆಸ್ಪತ್ರೆಗಳ ವರದಿಗಳಲ್ಲಿ ಸಾವಿನ ಪ್ರಧಾನ ಕಾರಣಗಳಲ್ಲಿ ಸೋಂಕು ಮುಂದಾಗಿ ನಿಂತಿದೆ. ಕ್ಷಯವೂ ಅದರಲ್ಲಿ ಸೇರಿದೆ.

ಆ ಹುಡುಗಿ ಬೇಡವೆನ್ನುತ್ತಿರುವ ಮಾತ್ರೆಗಳ ವಿಷಯಕ್ಕೆ ಬರೋಣ. ಲೂಪಸಿನವರಿಗೆ ಬಹುಶಃ ಎಲ್ಲರಿಗೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮೂಲದಲ್ಲಿ ಮಲೇರಿಯದ ಮದ್ದಿನ ವಂಶದ್ದು. ಸಿಂಕೋನ ಮರದ ತೊಗಟೆಯಿಂದ ಬಂದ ಕ್ವಿನೈನನ್ನು ಲಂಡನ್ನಿನ ಪೇನ್ ಎಂಬ ವೈದ್ಯರು 1894ರಷ್ಟು ಹಿಂದೆಯೇ ಲೂಪಸಿಗೆ ಪ್ರಯೋಗಿಸಿದ್ದರು. ಕೆನಡದಲ್ಲಿ ರೋಗ ಶಾಂತವಾಗಿದ್ದ 47 ಮಂದಿಯನ್ನು ಆರಿಸಿ, ಕೆಲವರಿಗೆ ಈ ಮಾತ್ರೆಯನ್ನು ಮುಂದುವರಿಸಿ, ಉಳಿದವರಿಗೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆಯನ್ನು ಕೊಟ್ಟು ನೋಡಿದರು. ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಮಾತ್ರೆ ನಿಂತವರಲ್ಲಿ ರೋಗ ಮರುಕಳಿಸುವ ಸಂಭವ ಎರಡೂವರೆ ಪಾಲು ಹೆಚ್ಚಾಗಿದ್ದಿತು. "ಈಗ ಚೆನ್ನಾಗಿದ್ದೇನೆ, ಮಾತ್ರೆ ಏತಕ್ಕೆ?" ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾವು ಕಾಣೆವು. ಇದನ್ನು ಸೇವಿಸುವವರಲ್ಲಿ ಮರಣ ಕಡಮೆಯೆಂಬುದೂ ಅನಂತರದ ಅಧ್ಯಯನಗಳಲ್ಲಿ ಕಂಡುಬಂದಿದೆ. 2020ರಲ್ಲಿ ಕೋವಿಡ್ಡಿಗೆ ಇದು ಮದ್ದೆಂಬ ಸುದ್ದಿ ಹಬ್ಬಿ ಜನರು ಅಂಗಡಿಗಳಿಗೆ ಮುಗಿಬಿದ್ದಾಗ, ಅನೇಕ ದೇಶಗಳಲ್ಲಿ ಲೂಪಸಿನವರಿಗೇ ಮಾತ್ರೆ ಸಿಕ್ಕದೆ ಹೋಯಿತು. ಇದನ್ನು ಬಹಳವಾಗಿ ತಯಾರಿಸುವ ನಮ್ಮ ದೇಶದ ಸರ್ಕಾರವೂ ಆ ಮಾರ್ಚಿಯಲ್ಲಿ ರಫ್ತನ್ನು ತಡೆಯಿತು. ಕೋವಿಡ್ಡಿಗೆ ಅದರಿಂದ ಪ್ರಯೋಜನವಿಲ್ಲವೆಂದು ಅದೇ ವರ್ಷ ಗೊತ್ತಾಯಿತು. ಕಣ್ಣಿಗೆ ಕೆಡುಕೆಂಬ ಹೆದರಿಕೆಯೂ ಕೆಲವರಿಗುಂಟು. ದೀರ್ಘಕಾಲದ ಸೇವನೆಯಿಂದ ಕೆಲವರ ಕಣ್ಣಿಗೆ ತೊಂದರೆಯಾಗುವುದು ನಿಜ. ಆದುದರಿಂದ ಆರಂಭದಲ್ಲಿ ಒಮ್ಮೆ, ಬೇರೆ ದೋಷಗಳಿಲ್ಲದಿದ್ದರೆ ಐದು ವರ್ಷಗಳಾದ ಮೇಲೆ ಪ್ರತಿವರ್ಷವೂ, ಕಣ್ಣಿನ ಪರೀಕ್ಷೆ ಮಾಡಿಸಬೇಕೆಂದು ವೈದ್ಯರ ನಿಯಮವಿದೆ. ಐದು ವರ್ಷವೆಂದು ನಡುಮನೆಯಲ್ಲಿ ನುಡಿದ ಹಿರಿಯರು ಈ ನಿಯಮವನ್ನು ಓದಿಕೊಳ್ಳಲಿ.

ಸ್ಟೀರಾಯ್ಡ್ ಮಾತ್ರೆಯ ಸಂಗತಿ ಬೇರೆ. ಅದರ ಪ್ರಮಾಣವನ್ನು ಸಾಧ್ಯವಾದಷ್ಟು ತಗ್ಗಿಸುವುದೇ ವೈದ್ಯರ ಉದ್ದೇಶ. ಆದರೆ ತಗ್ಗಿಸತಕ್ಕವರು ವೈದ್ಯರೇ. ಬಹುದಿನ ಸೇವಿಸಿದವರು ಹಠಾತ್ತಾಗಿ ನಿಲ್ಲಿಸಿದರೆ, ಶರೀರವು ತಾನಾಗಿ ತಯಾರಿಸಬೇಕಾದ ಸತ್ತ್ವವನ್ನು ಕೂಡಲೇ ತಯಾರಿಸಲಾರದೆ ಪ್ರಾಣಕ್ಕೇ ಅಪಾಯ ಬರಬಹುದು. ಮುಖ ಊದಿತು, ಮದುವೆಗೆ ನೋಡಲು ಬರುವವರು ಏನೆಂದಾರು ಎಂದು ತಾಯಂದಿರೇ ಮಾತ್ರೆಯನ್ನು ಬಚ್ಚಿಡುವುದುಂಟೆಂದು ಕೇಳಿದ್ದೇವೆ. ಮದುವೆ ಮಕ್ಕಳು ಈ ರೋಗದವರಿಗೆ ನಿಷಿದ್ಧವಲ್ಲ. ರೋಗ ಆರು ತಿಂಗಳಾದರೂ ಶಾಂತವಾಗಿದ್ದು, ಗರ್ಭಕ್ಕೆ ಸಲ್ಲದ ಔಷಧಗಳನ್ನು ವೈದ್ಯರು ಮೊದಲೇ ಬದಲಾಯಿಸಿದ್ದರೆ ಅನೇಕರು ಸುಖವಾಗಿ ಹೆರುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನನ್ನಂತೂ ಗರ್ಭಕಾಲದಲ್ಲಿಯೂ ಮುಂದುವರಿಸುತ್ತಾರೆ. ಮೂತ್ರಪಿಂಡ ಕೆಡುವುದು ನೋವಿಲ್ಲದೆ ನಡೆಯುವ ಕಾರ್ಯವಾದುದರಿಂದ ಮೈ ಚೆನ್ನಾಗಿರುವಾಗಲೂ ಮೂತ್ರಪರೀಕ್ಷೆಯನ್ನೂ ರಕ್ತದೊತ್ತಡವನ್ನೂ ತಪ್ಪಿಸಕೂಡದು. ಜ್ವರ ಬಂದರೆ ಅದು ರೋಗದ ಕೆರಳಿಕೆಯೋ ಸೋಂಕೋ ಎಂಬುದನ್ನು ಮನೆಯಲ್ಲಿ ಯಾರೂ ತೀರ್ಮಾನಿಸಲಾರರು. ಅದೇ ದಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಬಿಸಿಲಿಗೆ ಕೊಡೆ, ತುಂಬು ತೋಳಿನ ರವಿಕೆ ಬೇಕು. ಲಸಿಕೆಗಳಲ್ಲಿ ಯಾವುವನ್ನು ಹಾಕಿಸಬೇಕು, ಯಾವುವು ಈ ಔಷಧಗಳೊಡನೆ ಸಲ್ಲವು ಎಂಬುದನ್ನು ಮುಂದಿನ ಭೇಟಿಯಲ್ಲಿಯೇ ಕೇಳಿ ಚೀಟಿಯಲ್ಲಿ ಬರೆಯಿಸಿಕೊಂಡು ಬರಬೇಕು. ಆ ಭೇಟಿಗೆ ಮಗಳನ್ನು ಒಳಗೆ ಕರೆದುಕೊಂಡೇ ಹೋಗಲಿ, ಹೊರಗೆ ಕೂರಿಸುವುದು ಬೇಡ.