ಗಡಿಯಾರದ ಚೂರು, ಕೊರಳಿನ ಪದಕ

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತಾನೇ ತಯಾರಿಸಿದ ಪದಕವೊಂದನ್ನು ತಂದು ತೋರಿಸಿದಳು. ಹಿತ್ತಾಳೆಯ ಬಿಲ್ಲೆಯ ಮೇಲೆ ಹಳೆಯ ಕೈಗಡಿಯಾರದ ನಾಲ್ಕು ಹಲ್ಲುಚಕ್ರಗಳು, ಒಂದು ಮುಳ್ಳು, ಒಂದು ಕೆಂಪು ಕಲ್ಲು. ಎಲ್ಲವನ್ನೂ ಅಂಟಿನಿಂದ ಕೂಡಿಸಿ, ಮೇಲೊಂದು ಕೊಂಡಿ ಸಿಕ್ಕಿಸಿದ್ದಳು. ನೋಡಲು ಸೊಗಸಾಗಿಯೇ ಇತ್ತು. ಇಂಥ ಒಡವೆಗಳಿಗೆ ‘ಸ್ಟೀಮ್‌ಪಂಕ್’ ಎಂಬ ಹೆಸರುಂಟು. ಹಬೆಯಂತ್ರಗಳ ಯುಗದ ಸುತ್ತ ಹೆಣೆದ ಕಾಲ್ಪನಿಕ ಕತೆಗಳಿಗೆ ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ 1987ರಲ್ಲಿ ಇಟ್ಟ ಹೆಸರು ಅದು. ಅನಂತರ ಉಡುಗೆತೊಡುಗೆಗಳಿಗೂ ಹರಡಿತು.

“ಈ ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಪಕ್ಕದ ಚಕ್ರ ಎತ್ತ ತಿರುಗುತ್ತದಮ್ಮ?” ಎಂದು ಕೇಳಿದೆ.

“ತಿರುಗುವುದಿಲ್ಲ ಸಾರ್, ಅಂಟಿಸಿಬಿಟ್ಟಿದ್ದೇನೆ” ಎಂದಳು.

ಈ ಉತ್ತರವೇ ಈ ಲೇಖನಕ್ಕೆ ಕಾರಣ. ಯಂತ್ರದ ಬಿಡಿಭಾಗಗಳನ್ನು ಅಲಂಕಾರಕ್ಕೆ ಬಳಸುವುದನ್ನು ನಾನು ಹಳಿಯುವವನಲ್ಲ. ಕೈಯಿಂದ ಏನನ್ನಾದರೂ ಮಾಡುವ ಹವ್ಯಾಸ ತರುಣರಲ್ಲಿ ಬೆಳೆಯುವುದು ಸಂತೋಷದ ವಿಷಯವೇ. ಆದರೆ ಬಿಚ್ಚುವ ಮೊದಲು ಆ ವಸ್ತು ಏನೆಂಬುದನ್ನು ಅರಿತಿರಬೇಕು ಎಂಬುದು ನನ್ನ ಅಭಿಪ್ರಾಯ.

ಆ ಹಲ್ಲುಚಕ್ರಗಳನ್ನೇ ನೋಡಿ. ಕೀಲಿ ಕೊಟ್ಟಾಗ ಬಿಗಿಯಾಗಿ ಸುತ್ತಿಕೊಳ್ಳುವ ಮುಖ್ಯ ಕಮಾನಿನಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಗಂಟೆಗೊಮ್ಮೆ ಸುತ್ತುವ ನಡುಚಕ್ರಕ್ಕೆ 80 ಹಲ್ಲುಗಳಿದ್ದು, ಅದು 10 ಹಲ್ಲಿನ ಕಿರುಚಕ್ರವನ್ನು ತಿರುಗಿಸಿದರೆ ವೇಗ 8 ಪಟ್ಟಾಗುತ್ತದೆ. ಆ ಕಿರುಚಕ್ರದ ಅಚ್ಚಿನಲ್ಲಿಯೇ ಇರುವ 75 ಹಲ್ಲಿನ ಚಕ್ರ ಮತ್ತೊಂದು 10 ಹಲ್ಲಿನ ಕಿರುಚಕ್ರವನ್ನು ತಿರುಗಿಸಿದರೆ ವೇಗ ಇನ್ನೂ ಏಳೂವರೆ ಪಟ್ಟಾಗುತ್ತದೆ. ಎಂಟನ್ನು ಏಳೂವರೆಯಿಂದ ಗುಣಿಸಿದರೆ 60. ಗಂಟೆಯಿಂದ ನಿಮಿಷ ಹುಟ್ಟಿತಲ್ಲವೆ! ಈ ಓಟಕ್ಕೆ ಕಡಿವಾಣ ಹಾಕುವುದು ಅತ್ತಿತ್ತ ಆಡುವ ಸಮತೋಲಚಕ್ರ. ಅನೇಕ ಕೈಗಡಿಯಾರಗಳಲ್ಲಿ ಅದು ಗಂಟೆಗೆ 18,000 ಬಾರಿ, ಅಂದರೆ ದಿನಕ್ಕೆ 4,32,000 ಬಾರಿ ಮಿಡಿಯುತ್ತದೆ. ಅದಕ್ಕೆ ಜೋಡಿಸಿದ ಕೂದಲಿನಷ್ಟು ತೆಳುವಾದ ಕಮಾನು ಸೆಕೆಗೂ ಚಳಿಗೂ ಬಿಗುವು ಬದಲಿಸಿದರೆ ಗಡಿಯಾರ ತಪ್ಪುತ್ತದೆ. ಈ ತೊಂದರೆಯನ್ನು ನಿವಾರಿಸಬಲ್ಲ ಉಕ್ಕು-ನಿಕ್ಕಲ್ ಮಿಶ್ರಲೋಹಗಳನ್ನು ಕಂಡುಹಿಡಿದ ಚಾರ್ಲ್ಸ್ ಗಿಯೋಮ್‌ಗೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಇನ್ನು ಆ ಕೆಂಪು ಕಲ್ಲು ಕೃತಕ ಮಾಣಿಕ್ಯ. ಅದನ್ನು ಜ್ವಾಲೆಯಲ್ಲಿ ಕರಗಿಸಿ ಬೆಳೆಸುವ ವಿಧಾನವನ್ನು ಫ್ರಾನ್ಸಿನ ವೆರ್ನೂಯಿ 1902ರಲ್ಲಿ ಪ್ರಕಟಿಸಿದ. ಗಡಿಯಾರದೊಳಗೆ ಅದು ಶೋಭೆಗಾಗಿ ಇರುವುದಲ್ಲ, ಅಚ್ಚಿನ ತುದಿಯ ಘರ್ಷಣೆಯನ್ನು ತಗ್ಗಿಸುವುದಕ್ಕಾಗಿ.

ಅರಿಯದೆ ಬಿಚ್ಚುವುದರಲ್ಲಿ ಅಪಾಯವೂ ಉಂಟು. ಮುಂದಿನ ಪದಕಕ್ಕೆಂದು ಆಕೆ ಹಳೆಯ ಸಾಮಾನಿನ ಅಂಗಡಿಯಿಂದ ಗಡಿಯಾರದ ಮುಖಫಲಕವೊಂದನ್ನು ಕೊಂಡಿದ್ದಳು. ಅಂಕಿಗಳ ಮೇಲಿನ ಕಂದುಬಣ್ಣದ ಲೇಪವನ್ನು ಕೆರೆದು ತೆಗೆಯುವ ಯೋಚನೆ ಅವಳದು. ನನಗೆ ಅನುಮಾನ ಬಂದು ಪ್ರಯೋಗಾಲಯದ ಗೈಗರ್ ಗಣಕವನ್ನು ಹತ್ತಿರ ಹಿಡಿದೆ. ಅದು ಎಡೆಬಿಡದೆ ಟಕಟಕಿಸತೊಡಗಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಅದರೊಳಗಿನ ಸತುವಿನ ಸಲ್ಫೈಡ್ ಸವೆದು ಹೊಳಪು ನಂದಿರಬಹುದು, ರೇಡಿಯಂ ನಂದುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಕೆರೆದಾಗ ಏಳುವ ಧೂಳು ಶರೀರವನ್ನು ಹೊಕ್ಕರೆ, ಕ್ಯಾಲ್ಸಿಯಂನಂತೆಯೇ ಎಲುಬಿನಲ್ಲಿ ನೆಲೆಸುತ್ತದೆ. ಅಮೆರಿಕದ ನ್ಯೂ ಜೆರ್ಸಿಯಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳ ದವಡೆಗಳು ಕೊಳೆತುಹೋದವು. ಅನೇಕರು ಪ್ರಾಣ ನೀಗಿದರು. ಅವರಲ್ಲಿ ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಅಂಥ ಮುಖಫಲಕ ನಿಮಗೆ ಸಿಕ್ಕಿದರೆ ಕೆರೆಯಬೇಡಿ, ಗಾಜು ತೆಗೆಯಬೇಡಿ. ಮುಚ್ಚಿದ ಡಬ್ಬಿಯಲ್ಲಿಟ್ಟು ಭೌತವಿಜ್ಞಾನದ ಅಧ್ಯಾಪಕರಿಗೆ ತಿಳಿಸಿ.

“ಕೆಟ್ಟ ಗಡಿಯಾರ ಕಸದ ತೊಟ್ಟಿಗೆ ಹೋಗುವುದಕ್ಕಿಂತ ಒಡವೆಯಾಗುವುದು ಮೇಲಲ್ಲವೆ?” ಎಂದು ನೀವು ಕೇಳಬಹುದು. ನಿಜವಾಗಿಯೂ ಕೆಟ್ಟಿದ್ದರೆ ಮೇಲೇ ಸರಿ. ಆದರೆ ನಿಂತ ಗಡಿಯಾರವೆಲ್ಲ ಕೆಟ್ಟ ಗಡಿಯಾರವಲ್ಲ. ಎಷ್ಟೋ ವೇಳೆ ಒಣಗಿದ ಎಣ್ಣೆಯನ್ನು ತೊಳೆದು ಹೊಸದನ್ನು ಹಾಕಿದರೆ ಅದು ಮತ್ತೆ ನಡೆಯುತ್ತದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ನಮ್ಮ ಹಿರಿಯರಿಗೆಲ್ಲ ಪರಿಚಿತವಾದುದು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಹೀಗಿರುವಾಗ ಹಳೆಯ ‘ಜನತಾ’ ಗಡಿಯಾರದ ಒಂದು ಚಕ್ರ ಮುರಿದರೆ, ರಿಪೇರಿಯವನು ಇನ್ನೊಂದು ಹಳೆಯ ಗಡಿಯಾರವನ್ನೇ ನೆಚ್ಚಬೇಕು. ನೀವು ಅಂಟಿಸಿಬಿಟ್ಟ ಚಕ್ರ ಅವನಿಗೆ ಬೇಕಾಗಿದ್ದ ಚಕ್ರವೇ ಆಗಿರಬಹುದು. ಆದುದರಿಂದ ಮೊದಲು ಅವನ ಬಳಿಗೆ ಹೋಗಿ. ಇದು ಇನ್ನು ಪ್ರಯೋಜನವಿಲ್ಲ ಎಂದು ಅವನು ಬದಿಗಿಟ್ಟುದನ್ನು ಮಾತ್ರ ಕೇಳಿ ಪಡೆಯಿರಿ. ಬಿಚ್ಚುವಾಗ ಅವನ ಪಕ್ಕದಲ್ಲಿ ಕುಳಿತು ನೋಡಿದರೆ ಪುಸ್ತಕದಲ್ಲಿ ದೊರೆಯದ ಪಾಠವೂ ದೊರೆಯುತ್ತದೆ.

ಆ ವಿದ್ಯಾರ್ಥಿನಿ ಹಾಗೆಯೇ ಮಾಡಿದಳು. ಹದಿನೈದು ದಿನಗಳ ಮೇಲೆ ಹೊಸ ಪದಕದೊಡನೆ ಬಂದಳು. ಅದರಲ್ಲಿ ಇದ್ದುದು ಒಂದು ಚಕ್ರ, ಒಂದು ಕಿರುಚಕ್ರ, ಎರಡೇ. ಅಂಟಿಲ್ಲದೆ ಸಣ್ಣ ಮೊಳೆಗಳ ಮೇಲೆ ನಿಂತಿದ್ದವು. ದೊಡ್ಡದನ್ನು ಉಗುರಿನಿಂದ ಮೆಲ್ಲಗೆ ಬಲಕ್ಕೆ ನೂಕಿದಳು; ಚಿಕ್ಕದು ಎಡಕ್ಕೆ ಗಿರ್ರನೆ ತಿರುಗಿತು.

“ಹಲ್ಲು ಎಣಿಸಿದೆಯಾ?” ಎಂದೆ.

“ಮೂರು ಸಲ ಎಣಿಸಿದೆ ಸಾರ್. ಇದು ಒಂದು ಸುತ್ತು ಬಂದರೆ ಅದು ಎಂಟು ಸುತ್ತು ಬರುತ್ತದೆ” ಎಂದು ಹೇಳಿ, ಪದಕವನ್ನು ಕೊರಳಿಗೆ ಹಾಕಿಕೊಂಡು ತರಗತಿಗೆ ಹೋದಳು.